ಉಪಗ್ರಹದ ಸಂಕೇತ ತಲುಪದಿದ್ದಾಗ: ಡಿಜಿಟಲ್ ಸ್ವೀಕಾರದ ಬಗೆ ಮತ್ತು ಕೃಷಿಕರು ವಹಿಸಬೇಕಾದ ಎಚ್ಚರ



2024ರ ಜೂನ್ 2ರ ಭಾನುವಾರ ಬೆಂಗಳೂರು ನಗರದಲ್ಲಿ 111.1 ಮಿ.ಮೀ. ಮಳೆ ದಾಖಲಾಯಿತು. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ 1891ರಿಂದ ಉಳಿದುಬಂದಿದ್ದ 101.6 ಮಿ.ಮೀ. ದಾಖಲೆಯನ್ನು ಅದು ಮುರಿಯಿತು. ಆ ಸಂಜೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಹವಾಮಾನ ವಾರ್ತೆಯನ್ನು ನೋಡುತ್ತಿದ್ದೆ. ಮಳೆ ಬಿರುಸಾಗುತ್ತಿದ್ದಂತೆ ಚಿತ್ರವು ಚೌಕ ಚೌಕವಾಗಿ ಒಡೆಯಿತು, ಕೆಲವು ಕ್ಷಣ ಸ್ತಬ್ಧವಾಯಿತು, ಬಳಿಕ ‘ಸಿಗ್ನಲ್ ಇಲ್ಲ’ ಎಂಬ ಬರಹವಷ್ಟೇ ಉಳಿಯಿತು. ಅದೇ ಉಪಗ್ರಹದಿಂದ ಸಂಕೇತ ಪಡೆಯುವ ಪಕ್ಕದ ಮನೆಯಲ್ಲಿ ಮಾತ್ರ ಚಿತ್ರ ಇನ್ನೂ ಬಹಳ ಹೊತ್ತು ಬರುತ್ತಲೇ ಇತ್ತು. ಮಳೆ ಒಂದೇ, ಉಪಗ್ರಹ ಒಂದೇ. ವ್ಯತ್ಯಾಸವಿದ್ದುದು ಮಾಳಿಗೆಯ ಮೇಲಿನ ಡಿಶ್‌ನ ಜೋಡಣೆಯಲ್ಲಿ.

ನಗರವಾಸಿಗೆ ಇದು ಅರ್ಧ ಗಂಟೆಯ ಅಡಚಣೆ. ಆದರೆ ಕೆಂಗೇರಿಯಾಚೆ ತಾವರೆಕೆರೆ, ಮಾಗಡಿ ಕಡೆಯ ರಾಗಿ ಬೆಳೆಗಾರನು ಮರುದಿನ ಮೇಲುಗೊಬ್ಬರ ಕೊಡಬೇಕೇ, ಔಷಧಿ ಸಿಂಪಡಿಸಬೇಕೇ ಎಂಬುದನ್ನು ಅದೇ ವಾರ್ತೆಯನ್ನು ನೋಡಿ ನಿರ್ಧರಿಸುವವನಾದರೆ, ಅತ್ಯಂತ ಅಗತ್ಯವಾದ ವೇಳೆಯಲ್ಲೇ ಅವನಿಗೆ ಮಾಹಿತಿ ಕೈಕೊಟ್ಟಂತಾಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಂತೂ ಸ್ವಯಂಚಾಲಿತ ಮಳೆಮಾಪಕ ಕಳುಹಿಸಿದ ಅಂಕಿ ತಲುಪಿತೇ ಇಲ್ಲವೇ ಎಂಬುದೇ ಪರಿಹಾರವನ್ನು ನಿರ್ಧರಿಸಬಲ್ಲದು. ಆದುದರಿಂದ ಡಿಜಿಟಲ್ ಸಂಕೇತವನ್ನು ಯಂತ್ರವು ಹೇಗೆ ಓದುತ್ತದೆ, ಯಾವಾಗ ಓದಲಾರದೆ ಹೋಗುತ್ತದೆ ಎಂಬುದನ್ನು ಕೃಷಿಕರೂ ಅರಿತಿರುವುದು ಒಳಿತು. ಈ ಲೇಖನದ ಸಾರವಿಷ್ಟು: ಡಿಜಿಟಲ್ ಸ್ವೀಕಾರದಲ್ಲಿ ಮಾಹಿತಿಯು ಸರಿಯಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ, ಬಾರದೇ ಇದ್ದುದನ್ನು ‘ಶೂನ್ಯ’ವೆಂದು ಓದಬಾರದು.

ಅನಲಾಗ್‌ನಿಂದ ಡಿಜಿಟಲ್‌ಗೆ

ಉಪಗ್ರಹದ ಮೂಲಕ ಕೃಷಿ ಮಾಹಿತಿಯನ್ನು ಹಳ್ಳಿಗೆ ತಲುಪಿಸುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಹೆಸರಿನ ಪ್ರಯೋಗವು ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ನಮ್ಮ ರಾಜ್ಯದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಅದಕ್ಕೆ ಆಯ್ಕೆಯಾಗಿದ್ದವು. ತಂತಿ ಜಾಲರಿಯ ಸುಮಾರು 10 ಅಡಿ ಅಗಲದ ಡಿಶ್ ನೆಟ್ಟು, ಊರಿನ ಸಾರ್ವಜನಿಕ ಸ್ಥಳದಲ್ಲಿ ಟಿ.ವಿ. ಇರಿಸಿ, ಬೇಸಾಯ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ತೋರಿಸಲಾಗುತ್ತಿತ್ತು.

ಅಂದಿನ ಪ್ರಸಾರ ಅನಲಾಗ್ ಬಗೆಯದು. ಸಂಕೇತ ಕ್ಷೀಣಿಸಿದರೆ ಪರದೆಯ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕೆಗಳು ಮೂಡುತ್ತಿದ್ದವು, ಧ್ವನಿ ಗೊರಗೊರ ಎನ್ನುತ್ತಿತ್ತು. ಆದರೂ ಹೇಳಿದ್ದರ ಸಾರ ತಿಳಿಯುತ್ತಿತ್ತು. ಗುಣಮಟ್ಟವು ಇಳಿಜಾರಿನಲ್ಲಿ ಇಳಿದಂತೆ ನಿಧಾನವಾಗಿ ಇಳಿಯುತ್ತಿತ್ತು. ಇಂದಿನ ಡಿಜಿಟಲ್ ಪ್ರಸಾರದಲ್ಲಿ ಆ ಇಳಿಜಾರಿಲ್ಲ. ಅಲ್ಲಿರುವುದು ಬಂಡೆಯ ಅಂಚು. ಅಂಚಿನವರೆಗೂ ಚಿತ್ರ ಸ್ವಚ್ಛ. ಅಂಚು ದಾಟಿದೊಡನೆ ಏನೂ ಇಲ್ಲ. ಇದಕ್ಕೆ ಕಾರಣ ತಿಳಿಯಬೇಕಾದರೆ ಸಂಕೇತದ ಹಾದಿಯನ್ನು ಹಂತ ಹಂತವಾಗಿ ನೋಡಬೇಕು.

ಡಿಶ್‌ನಿಂದ ಪೆಟ್ಟಿಗೆಯವರೆಗೆ

ಡಿಡಿ ಫ್ರೀ ಡಿಶ್ ಸೇವೆಯು ಜಿಸ್ಯಾಟ್-15 ಉಪಗ್ರಹದ ಮೂಲಕ ಬರುತ್ತದೆ. 2015ರ ನವೆಂಬರ್‌ನಲ್ಲಿ ಉಡಾವಣೆಯಾದ ಇದು ಸಮಭಾಜಕ ವೃತ್ತದ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ನೆಲೆಸಿದೆ. ಭೂಮಿಯ ತಿರುಗುವಿಕೆಗೆ ಸರಿಸಮನಾಗಿ ಸುತ್ತುವುದರಿಂದ ನಮ್ಮ ಪಾಲಿಗೆ ಅದು ಆಕಾಶದಲ್ಲಿ ನಿಂತೇ ಇರುತ್ತದೆ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 66 ಡಿಗ್ರಿ ಮೇಲಿರುತ್ತದೆ. ವಿಜಯನಗರ, ರಾಜಾಜಿನಗರಗಳ ಮಾಳಿಗೆಗಳಲ್ಲಿ ಈ ಸೇವೆಯ ಡಿಶ್‌ಗಳು ಒಂದೇ ಕಡೆಗೆ ಮುಖ ಮಾಡಿರುವುದು ಇದರಿಂದಲೇ.

ಅಷ್ಟು ದೂರದಿಂದ ಬಂದ ತರಂಗ ಅತ್ಯಂತ ಕ್ಷೀಣವಾಗಿರುತ್ತದೆ. ಡಿಶ್ ಅದನ್ನು ಒಂದೆಡೆ ಕೂಡಿಸಿ ಮುಂದಿರುವ ಎಲ್‌ಎನ್‌ಬಿಗೆ ಕೊಡುತ್ತದೆ. ಸುಮಾರು 11 ಗಿಗಾಹರ್ಟ್ಸ್‌ನಷ್ಟು ಎತ್ತರದ ಆವರ್ತನದ ಈ ತರಂಗವನ್ನು ಸಾಮಾನ್ಯ ಕೇಬಲ್ಲಿನಲ್ಲಿ ಕೆಳಗಿಳಿಸಿದರೆ ದಾರಿಯಲ್ಲೇ ಸವೆದುಹೋಗುತ್ತದೆ. ಆದ್ದರಿಂದ ಎಲ್‌ಎನ್‌ಬಿಯು ಅದನ್ನು ಬಲಪಡಿಸಿ, ಅದರ ಆವರ್ತನವನ್ನು ಸುಮಾರು 1ರಿಂದ 2 ಗಿಗಾಹರ್ಟ್ಸ್ ವ್ಯಾಪ್ತಿಗೆ ಇಳಿಸಿ ಕೇಬಲ್ಲಿಗೆ ಬಿಡುತ್ತದೆ. ಕೇಬಲ್ಲಿನ ತುದಿಯಲ್ಲಿ ಟಿ.ವಿ. ಪಕ್ಕದ ಪೆಟ್ಟಿಗೆ, ಅಂದರೆ ಸೆಟ್ ಟಾಪ್ ಬಾಕ್ಸ್ ಇರುತ್ತದೆ. ಅದರೊಳಗಿನ ಡಿಮಾಡ್ಯುಲೇಟರ್ ಎಂಬ ಭಾಗವೇ ತರಂಗವನ್ನು ಮತ್ತೆ ಮಾಹಿತಿಯಾಗಿ ಬಿಡಿಸುವ ಕೆಲಸ ಮಾಡುತ್ತದೆ.

ತರಂಗದಿಂದ ಅಂಕಿಗೆ

ಡಿಜಿಟಲ್ ಪ್ರಸಾರದಲ್ಲಿ ಚಿತ್ರ, ಧ್ವನಿ, ಅಕ್ಷರಗಳೆಲ್ಲವೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಸಾಲುಗಳಾಗಿರುತ್ತವೆ. ಈ ಅಂಕಿಗಳನ್ನು ತರಂಗದ ಮೇಲೆ ಏರಿಸುವ ಒಂದು ವಿಧಾನಕ್ಕೆ ಕ್ಯೂಪಿಎಸ್‌ಕೆ ಎನ್ನುತ್ತಾರೆ. ಅದರಲ್ಲಿ ತರಂಗಕ್ಕೆ ನಾಲ್ಕು ನಿಲುವುಗಳಿವೆ. ನಾಲ್ಕು ದಿಕ್ಕುಗಳಿಗೆ ಕೈ ತೋರುವ ಕಾವಲುಗಾರನಂತೆ ಎಂದು ತಿಳಿಯಬಹುದು. ಒಂದೊಂದು ದಿಕ್ಕು ಎರಡೆರಡು ಅಂಕಿಗಳ ಒಂದು ಜೋಡಿಯನ್ನು ಸೂಚಿಸುತ್ತದೆ. ಹೀಗೆ ಒಮ್ಮೆ ಕೈ ತೋರುವುದಕ್ಕೆ ಒಂದು ಸಿಂಬಲ್ ಎಂದು ಹೆಸರು. ಫ್ರೀ ಡಿಶ್ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ‘ಸಿಂಬಲ್ ರೇಟ್ 29500’ ಎಂಬುದನ್ನು ತಾವು ಕಂಡಿರಬಹುದು. ಅದರ ಅರ್ಥ, ಸೆಕೆಂಡಿಗೆ 2 ಕೋಟಿ 95 ಲಕ್ಷ ಬಾರಿ ಆ ಕಾವಲುಗಾರನು ದಿಕ್ಕು ತೋರುತ್ತಾನೆ ಎಂದು.

ಇದನ್ನು ಓದಲು ಡಿಮಾಡ್ಯುಲೇಟರ್ ಮೊದಲು ಎರಡು ವಿಷಯಗಳನ್ನು ತಾನೇ ಕಂಡುಕೊಳ್ಳಬೇಕು. ಒಂದು, ಯಾವುದು ಪೂರ್ವ, ಯಾವುದು ಪಶ್ಚಿಮ ಎಂಬುದು. ಬಿಸಿಲಿಗೆ ಕಾದಾಗ, ರಾತ್ರಿ ತಣಿದಾಗ ಎಲ್‌ಎನ್‌ಬಿಯ ಆವರ್ತನ ಅಲ್ಪಸ್ವಲ್ಪ ಸರಿಯುತ್ತದೆ. ಆಗ ದಿಕ್ಕುಗಳೆಲ್ಲ ಒಟ್ಟಾಗಿ ಗಿರಗಿರನೆ ತಿರುಗಿದಂತೆ ಕಾಣುತ್ತವೆ. ಆ ತಿರುಗುವಿಕೆಯನ್ನು ಅಳೆದು ಸರಿಪಡಿಸುವುದು ಮೊದಲ ಕೆಲಸ. ಎರಡನೆಯದು, ಯಾವ ಕ್ಷಣದಲ್ಲಿ ಓದಬೇಕು ಎಂಬುದು. ಸಾಲಿನಲ್ಲಿ ಗೇಣಿಗೊಂದರಂತೆ ಊರಿದ ಕಾಳನ್ನು ಹುಡುಕುವವನು ಅರ್ಧ ಗೇಣು ತಪ್ಪಿ ಕೆದಕಿದರೆ ಬರಿಯ ಮಣ್ಣು ಸಿಗುತ್ತದೆ. ಹಾಗೆಯೇ ಪ್ರತಿ ಸಿಂಬಲ್ಲಿನ ನಡು ಭಾಗಕ್ಕೆ ಸರಿಯಾಗಿ ಓದುವಂತೆ ಡಿಮಾಡ್ಯುಲೇಟರ್ ತನ್ನ ಗಡಿಯಾರವನ್ನು ಬರುತ್ತಿರುವ ಸಂಕೇತಕ್ಕೇ ಹೊಂದಿಸಿಕೊಳ್ಳುತ್ತದೆ. ಇವೆರಡೂ ಕೂಡಿಬಂದಾಗಷ್ಟೇ ‘ಸಿಗ್ನಲ್ ಲಾಕ್’ ಆಯಿತೆಂದು ತಂತ್ರಜ್ಞರು ಹೇಳುತ್ತಾರೆ.

ತಪ್ಪು ತಿದ್ದುವ ಕ್ರಮ

ಹೀಗೆ ಓದಿದ ಅಂಕಿಗಳಲ್ಲಿ ತಪ್ಪುಗಳಿರುವುದು ಸಹಜ. ಅವನ್ನು ತಿದ್ದಲು ಪ್ರಸಾರಕರು ಕಳುಹಿಸುವಾಗಲೇ ಏರ್ಪಾಡು ಮಾಡಿರುತ್ತಾರೆ. ಎಪಿಎಂಸಿಗೆ ಸಾಗಿಸುವ ಮೂಟೆಗಳ ತೂಕದ ಪಟ್ಟಿಯನ್ನು ನೆನೆಯಿರಿ. ಪ್ರತಿ ಸಾಲಿಗೂ ಪ್ರತಿ ಕಂಬಕ್ಕೂ ಮೊತ್ತ ಬರೆದಿದ್ದರೆ, ಮಳೆನೀರು ಬಿದ್ದು ಒಂದು ಅಂಕಿ ಅಳಿಸಿಹೋದರೂ ಮೊತ್ತಗಳ ನೆರವಿನಿಂದ ಅದನ್ನು ಮರಳಿ ಪಡೆಯಬಹುದು. ಹಾಗೆಯೇ 188 ಬೈಟ್‌ಗಳ ಪ್ರತಿ ಕಂತೆಗೂ 16 ಬೈಟ್‌ಗಳ ತಾಳೆ ಲೆಕ್ಕವನ್ನು ಸೇರಿಸಿ 204 ಬೈಟ್‌ಗಳಾಗಿ ಕಳುಹಿಸಲಾಗುತ್ತದೆ. ಕಂತೆಯಲ್ಲಿ 8 ಬೈಟ್‌ಗಳವರೆಗೆ ಕೆಟ್ಟಿದ್ದರೂ ಪೆಟ್ಟಿಗೆಯು ಅವನ್ನು ಕರಾರುವಾಕ್ಕಾಗಿ ತಿದ್ದಬಲ್ಲದು. 1960ರಲ್ಲಿ ರೀಡ್ ಮತ್ತು ಸೊಲೊಮನ್ ಎಂಬ ಗಣಿತಜ್ಞರು ರೂಪಿಸಿದ ವಿಧಾನವಿದು. ಇದಕ್ಕೂ ಒಳಗೆ ಇನ್ನೊಂದು ಪದರದ ತಿದ್ದುಪಡಿಯೂ ಇರುತ್ತದೆ. ಪ್ರತಿ ಕಂತೆಯ ಆರಂಭದಲ್ಲಿ ಬಾಂದುಕಲ್ಲಿನಂತೆ ಒಂದೇ ಬಗೆಯ ಗುರುತಿನ ಬೈಟ್ ಇರುವುದರಿಂದ, ಒಂದು ಕಂತೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆ ಎಂಬುದೂ ತಿಳಿಯುತ್ತದೆ.

ಇನ್ನೊಂದು ಜಾಣ್ಮೆಯನ್ನೂ ಗಮನಿಸಬೇಕು. ನಮ್ಮ ಪ್ರಯೋಗ ತಾಕುಗಳಲ್ಲಿ ಒಂದೇ ತಳಿಯನ್ನು ಒಂದೇ ಮೂಲೆಯಲ್ಲಿ ಬಿತ್ತದೆ ಅಲ್ಲಲ್ಲಿ ಚದುರಿಸಿ ಬಿತ್ತುತ್ತೇವೆ. ಕಾಡುಹಂದಿ ಒಂದು ಮೂಲೆಯನ್ನು ಹಾಳುಗೆಡವಿದರೂ ಯಾವ ತಳಿಯೂ ಪೂರ್ತಿ ನಾಶವಾಗಬಾರದೆಂಬುದು ಉದ್ದೇಶಗಳಲ್ಲೊಂದು. ಅಂತೆಯೇ ಬೈಟ್‌ಗಳನ್ನು ಕಳುಹಿಸುವ ಮುನ್ನ ಬೆರೆಸಿ, ಸ್ವೀಕರಿಸಿದ ಮೇಲೆ ಮತ್ತೆ ಕ್ರಮಕ್ಕೆ ಜೋಡಿಸುತ್ತಾರೆ. ಆಗ ಒಂದೆಡೆ ಒತ್ತಾಗಿ ಬಿದ್ದ ತಪ್ಪುಗಳು ಹಲವು ಕಂತೆಗಳಿಗೆ ಹಂಚಿಹೋಗಿ, ಪ್ರತಿ ಕಂತೆಯ ತಪ್ಪೂ ತಿದ್ದಬಹುದಾದ ಮಿತಿಯೊಳಗೆ ಉಳಿಯುತ್ತದೆ.

ಬಂಡೆಯ ಅಂಚು ಇರುವುದು ಇಲ್ಲಿಯೇ. ತಪ್ಪುಗಳು ಮಿತಿಯೊಳಗಿರುವವರೆಗೆ ಒಂದು ತಪ್ಪೂ ಪರದೆಗೆ ಬಾರದು. ಮಿತಿ ಮೀರಿದಾಗ ತಿದ್ದುವುದು ಸಾಧ್ಯವಾಗದೆ ಕಂತೆಯೇ ತಿರಸ್ಕೃತವಾಗುತ್ತದೆ. ಮೊತ್ತ ಮತ್ತು ಅಂಕಿ ಎರಡೂ ಅಳಿಸಿಹೋದ ತೂಕದ ಪಟ್ಟಿಯನ್ನು ವರ್ತಕನು ಒಪ್ಪದಂತೆ. ಫ್ರೀ ಡಿಶ್‌ನಂತಹ ಹಳೆಯ ಮಾದರಿಯ ಪ್ರಸಾರದಲ್ಲಿ ಸಂಕೇತದ ಶಕ್ತಿಯು ಹಿನ್ನೆಲೆ ಗದ್ದಲದ ಶಕ್ತಿಗಿಂತ ಸುಮಾರು ಐದು ಪಟ್ಟು ಇರುವುದು ಸಾಮಾನ್ಯ ಅಗತ್ಯ. ಅದಕ್ಕಿಂತ ಸ್ವಲ್ಪ ಮೇಲಿದ್ದರೆ ನಿರ್ಮಲ ಚಿತ್ರ. ಸ್ವಲ್ಪ ಕೆಳಗಿಳಿದರೆ ಕಪ್ಪು ಪರದೆ.

ಮಳೆ ಏಕೆ ಅಡ್ಡಿಯಾಗುತ್ತದೆ?

11 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 2.7 ಸೆಂ.ಮೀ. ಕೆಲವು ಮಿ.ಮೀ. ಗಾತ್ರದ ಮಳೆಹನಿಗಳು ಅದರ ಶಕ್ತಿಯನ್ನು ಹೀರುತ್ತವೆ, ಚದುರಿಸುತ್ತವೆ. ಜೊತೆಗೆ ಮಳೆಯ ಮೋಡವು ತಾನೂ ಅಲ್ಪ ಪ್ರಮಾಣದ ಗದ್ದಲವನ್ನು ಸೂಸುತ್ತದೆ. ಸಂಕೇತ ಇಳಿದು ಗದ್ದಲ ಏರಿದಾಗ ಅಂಚು ಬೇಗ ಸಮೀಪಿಸುತ್ತದೆ. ಸರಿಯಾಗಿ ಜೋಡಿಸಿದ ಡಿಶ್‌ಗೆ ಅಂಚಿನಿಂದ ಸಾಕಷ್ಟು ಅಂತರವಿರುತ್ತದೆ. ಗಾಳಿಗೆ ತುಸು ವಾಲಿದ ಡಿಶ್‌ಗೆ ಆ ಅಂತರವಿರುವುದಿಲ್ಲ. ಬಿಸಿಲಿನ ದಿನ ಎರಡೂ ಒಂದೇ ಬಗೆಯ ಚಿತ್ರ ಕೊಡುವುದರಿಂದ ದೋಷವು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದೂ ಅದೇ. ಮರುದಿನ ಡಿಶ್‌ನ ಸಡಿಲವಾದ ನಟ್ಟು ಬಿಗಿಗೊಳಿಸಿ ದಿಕ್ಕು ಸರಿಪಡಿಸಿದ ಮೇಲೆ ಅಂಥದೇ ಬಿರುಸು ಮಳೆಯಲ್ಲೂ ಅಡಚಣೆ ಕಡಿಮೆಯಾಯಿತು.

ತರಂಗದ ಉದ್ದ ಹೆಚ್ಚಿದಷ್ಟೂ ಮಳೆಯ ಬಾಧೆ ತಗ್ಗುತ್ತದೆ. ಸಂಕೇತ ಕ್ಷೀಣವಾಗಿದ್ದಲ್ಲಿ ಕಳುಹಿಸುವ ವೇಗ ತಗ್ಗಿಸಿದರೂ ಓದುವುದು ಸುಲಭವಾಗುತ್ತದೆ. ದೂರದ ಹೊಲದಲ್ಲಿರುವವರಿಗೆ ನಾವು ಬಿಡಿಸಿ ಬಿಡಿಸಿ ಕೂಗಿ ಹೇಳುವುದಿಲ್ಲವೇ? ಇದಕ್ಕೆ ಉತ್ತಮ ನಿದರ್ಶನ ಕೆಂಗೇರಿಯಿಂದಾಚೆ ಇರುವ ಬ್ಯಾಲಾಳು ಗ್ರಾಮದಲ್ಲಿದೆ. ಅಲ್ಲಿ ಇಸ್ರೋದ 32 ಮೀಟರ್ ಮತ್ತು 18 ಮೀಟರ್ ಅಗಲದ ಡಿಶ್‌ಗಳಿವೆ. 2008ರಲ್ಲಿ ಚಂದ್ರಯಾನ-1ಕ್ಕಾಗಿ ಸಿದ್ಧವಾದ ಈ ಕೇಂದ್ರವು 2014ರಲ್ಲಿ ಮಂಗಳನ ಸಮೀಪದಿಂದ 12 ನಿಮಿಷಗಳಿಗೂ ಮೀರಿ ಪಯಣಿಸಿ ಬಂದ ಸಂಕೇತವನ್ನು ಸ್ವೀಕರಿಸಿತು. 2023ರ ಚಂದ್ರಯಾನ-3ರಲ್ಲೂ ಪಾಲ್ಗೊಂಡಿತು. ಬ್ಯಾಲಾಳಿನಲ್ಲೇ ನಮ್ಮ ದೇಶದ ಪಥದರ್ಶಿ ವ್ಯವಸ್ಥೆಯಾದ ನಾವಿಕ್‌ನ ಕೇಂದ್ರವೂ 2013ರಿಂದ ಇದೆ. ನಾವಿಕ್ ಉಪಗ್ರಹವು ತನ್ನ ಮಾಹಿತಿಯನ್ನು ಸೆಕೆಂಡಿಗೆ ಕೇವಲ 50 ಸಿಂಬಲ್‌ಗಳಂತೆ ಕಳುಹಿಸುತ್ತದೆ. ಅದರಲ್ಲೂ ಅರ್ಧದಷ್ಟು ತಪ್ಪು ತಿದ್ದುವುದಕ್ಕೇ ಮೀಸಲು. ಟಿ.ವಿ.ಯ 2 ಕೋಟಿ 95 ಲಕ್ಷದೊಡನೆ ಹೋಲಿಸಿದರೆ ಇದು ಬಸವನ ಹುಳುವಿನ ನಡಿಗೆ. ಅಂಗೈಯಗಲದ ಉಪಕರಣವೂ ಡಿಶ್ ಇಲ್ಲದೆ, ಮಳೆಯಲ್ಲೂ ಅದನ್ನು ಓದಬಲ್ಲುದಕ್ಕೆ ಈ ನಿಧಾನವೂ ಮುಖ್ಯ ಕಾರಣ.

ಮಳೆಮಾಪಕ ಮತ್ತು ಬೆಳೆ ವಿಮೆ

ಇದುವರೆಗೆ ಮೇಲಿನಿಂದ ನಮ್ಮತ್ತ ಬರುವ ಸಂಕೇತದ ಮಾತಾಯಿತು. ಹೊಲದಿಂದ ಮೇಲಕ್ಕೆ ಹೋಗುವ ಸಂಕೇತವೂ ಉಂಟು. ಭಾರತ ಹವಾಮಾನ ಇಲಾಖೆಯು ನೆಟ್ಟಿರುವ ಹಲವು ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಮಳೆ, ಉಷ್ಣಾಂಶ, ಗಾಳಿಯ ಅಂಕಿಗಳನ್ನು ತಮಗೆ ಗೊತ್ತುಪಡಿಸಿದ ಕ್ಷಣದಲ್ಲಿ ಇನ್ಸ್ಯಾಟ್ ಉಪಗ್ರಹಕ್ಕೆ ಕಳುಹಿಸುವಂತೆ ರೂಪಿತವಾಗಿವೆ. 2024ರ ಫೆಬ್ರವರಿ 17ರಂದು ಉಡಾವಣೆಯಾದ ಇನ್ಸ್ಯಾಟ್-3ಡಿಎಸ್‌ನಲ್ಲೂ ಇಂತಹ ದತ್ತಾಂಶವನ್ನು ಮರುಪ್ರಸಾರ ಮಾಡುವ ಸಾಧನವಿದೆ. ಇದಕ್ಕೆ ಬಳಸುವ ಆವರ್ತನ ಸುಮಾರು 402 ಮೆಗಾಹರ್ಟ್ಸ್. ತರಂಗದ ಉದ್ದ ಮುಕ್ಕಾಲು ಮೀಟರಿನಷ್ಟು. ಆದ್ದರಿಂದ ಮಳೆಹನಿಗಳು ಅದನ್ನು ಬಹುಮಟ್ಟಿಗೆ ತಡೆಯಲಾರವು. ಆದರೆ ಮೋಡ ಕವಿದ ದಿನಗಳಲ್ಲಿ ಸೌರಫಲಕದ ಬ್ಯಾಟರಿ ಸೊರಗಿದರೆ, ಅಥವಾ ಆಂಟೆನಾ ಕೆಟ್ಟರೆ, ಆ ಹೊತ್ತಿನ ವರದಿ ತಲುಪುವುದಿಲ್ಲ.

ನಮ್ಮ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಅವು ಉಪಗ್ರಹವನ್ನಲ್ಲ, ಮೊಬೈಲ್ ಜಾಲವನ್ನು ಬಳಸುತ್ತವೆ. ದಾರಿ ಬೇರೆಯಾದರೂ ಡಿಜಿಟಲ್ ನಿಯಮ ಒಂದೇ: ಅಂಕಿಯು ಸರಿಯಾಗಿ ತಲುಪಬೇಕು, ಇಲ್ಲವೇ ತಲುಪದು.

ಅಡಿಕೆ, ಕಾಳುಮೆಣಸು, ಮಾವು, ದಾಳಿಂಬೆಯಂತಹ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ಯಾರೂ ಬಂದು ತೋಟದ ನಷ್ಟವನ್ನು ಅಳೆಯುವುದಿಲ್ಲ. ಗೊತ್ತುಪಡಿಸಿದ ಕೇಂದ್ರದ ಅಂಕಿಗಳೇ ಪರಿಹಾರದ ಲೆಕ್ಕಕ್ಕೆ ಆಧಾರ. ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರು ಮಳೆಮಾಪಕದ ದತ್ತಾಂಶದ ಬಗ್ಗೆ ಎತ್ತಿರುವ ಪ್ರಶ್ನೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೊಳೆರೋಗಕ್ಕೆ ಕಾರಣವಾಗುವ ಎಡೆಬಿಡದ ಮಳೆಯ ದಿನಗಳಲ್ಲೇ ವಿದ್ಯುತ್ತು, ಮೊಬೈಲ್ ಗೋಪುರ, ಬ್ಯಾಟರಿಗಳೂ ಕೈಕೊಡುವ ಸಂಭವ ಹೆಚ್ಚು. ಅಂತಹ ದಿನದ ಖಾಲಿ ಮನೆಯನ್ನು ಯಾರಾದರೂ ‘0 ಮಿ.ಮೀ.’ ಎಂದು ಭರ್ತಿ ಮಾಡಿದರೆ, ಅತಿವೃಷ್ಟಿಯ ದಿನವು ಲೆಕ್ಕದಲ್ಲಿ ಒಣ ದಿನವಾಗಿಬಿಡುತ್ತದೆ. ಪರ್ಯಾಯ ಕೇಂದ್ರದ ಅಂಕಿಯನ್ನು ಬಳಸಿದರೂ, ಒಂದು ಗುಡ್ಡ ದಾಟಿದರೆ ಮಳೆಯ ಪ್ರಮಾಣವೇ ಬದಲಾಗುವ ಸೀಮೆಯಲ್ಲಿ ಅದು ನಿಮ್ಮ ತೋಟದ ಮಳೆಯನ್ನು ಹೇಳುತ್ತದೆ ಎನ್ನಲಾಗದು. ಯಂತ್ರವು ಸುಳ್ಳು ಹೇಳುವುದಕ್ಕಿಂತ ಮೌನವಾಗಿರುವಂತೆ ಅದನ್ನು ರೂಪಿಸಲಾಗಿದೆ. ಆ ಮೌನಕ್ಕೆ ಸಂಖ್ಯೆಯನ್ನು ಆರೋಪಿಸುವುದು ಮನುಷ್ಯರ ತಪ್ಪು.

ಹೊಸ ಪ್ರಸಾರ, ಹಳೆಯ ಪೆಟ್ಟಿಗೆ

‘ಸಿಗ್ನಲ್ ಇಲ್ಲ’ ಎಂಬುದಕ್ಕೆ ಮಳೆಯೊಂದೇ ಕಾರಣವಲ್ಲ. ಫ್ರೀ ಡಿಶ್‌ನಲ್ಲಿ ಎಂಪೆಗ್-2 ಎಂಬ ಹಳೆಯ ಮಾದರಿಯ ಜೊತೆಗೆ ಎಂಪೆಗ್-4 ಎಂಬ ಹೊಸ ಮಾದರಿಯ ವಾಹಿನಿಗಳೂ ಇವೆ. ಹೊಸ ಪ್ರಸಾರ ಕ್ರಮವಾದ ಡಿವಿಬಿ-ಎಸ್2ರಲ್ಲಿ ಹಿಂದಿನದಕ್ಕಿಂತ ಸುಮಾರು ಶೇ. 30ರಷ್ಟು ಹೆಚ್ಚು ಮಾಹಿತಿಯನ್ನು ಅದೇ ಆವರ್ತನದಲ್ಲಿ ಕಳುಹಿಸಬಹುದು. ತಪ್ಪು ತಿದ್ದುವ ವಿಧಾನವೂ ಬೇರೆ. ಹಳೆಯ ಪೆಟ್ಟಿಗೆಗೆ ಆ ಭಾಷೆ ತಿಳಿಯದು. ಡಿಶ್ ಎಷ್ಟೇ ಚೆನ್ನಾಗಿದ್ದರೂ ಅಂತಹ ವಾಹಿನಿ ಕಾಣಿಸದು. ಪೆಟ್ಟಿಗೆಯಿಲ್ಲದೆ ನೇರವಾಗಿ ಉಪಗ್ರಹ ಸಂಕೇತ ಪಡೆಯುವ ಟಿ.ವಿ.ಗಳಿಗಾಗಿ ಭಾರತೀಯ ಮಾನಕ ಸಂಸ್ಥೆಯು ಐಎಸ್ 18112:2022 ಎಂಬ ಮಾನದಂಡವನ್ನು ಪ್ರಕಟಿಸಿದೆ. ಹೊಸ ಟಿ.ವಿ. ಅಥವಾ ಪೆಟ್ಟಿಗೆ ಕೊಳ್ಳುವವರು ಅದು ಎರಡೂ ಮಾದರಿಗಳನ್ನು ಓದಬಲ್ಲುದೇ ಎಂದು ಕೇಳಿ ತಿಳಿದು ಕೊಳ್ಳುವುದು ಲೇಸು.

ಕೃಷಿಕರಿಗೆ ಸಲಹೆಗಳು

1. ಮುಂಗಾರು ಪ್ರಾರಂಭಕ್ಕೆ ಮುನ್ನ ಡಿಶ್‌ನ ನಟ್ಟುಗಳನ್ನು ಬಿಗಿಗೊಳಿಸಿರಿ. ಎದುರಿಗೆ ತೆಂಗಿನ ಗರಿ, ಮರದ ಕೊಂಬೆ ಬೆಳೆದಿದ್ದರೆ ತೆಗೆಸಿರಿ. ಕೇಬಲ್ಲಿನ ಜೋಡಣೆಗೆ ನೀರು ಇಳಿಯದಂತೆ ಟೇಪು ಸುತ್ತಿರಿ.

2. ಪೆಟ್ಟಿಗೆಯ ಪರದೆಯಲ್ಲಿ ‘ಸ್ಟ್ರೆಂಗ್ತ್’ ಮತ್ತು ‘ಕ್ವಾಲಿಟಿ’ ಎಂಬ ಎರಡು ಪಟ್ಟಿಗಳಿರುತ್ತವೆ. ಮೊದಲನೆಯದರಲ್ಲಿ ಸಂಕೇತದ ಜೊತೆ ಗದ್ದಲವೂ ಸೇರಿರುತ್ತದೆ. ಡಿಶ್ ಜೋಡಿಸುವಾಗ ಎರಡನೆಯದು ಗರಿಷ್ಠವಾಗುವಂತೆ ನೋಡಿಕೊಳ್ಳಿರಿ. ಬಿಸಿಲಿನ ದಿನದ ಅಂಕಿಯನ್ನು ಬರೆದಿಟ್ಟುಕೊಂಡರೆ ಮುಂದೆ ಇಳಿಕೆ ತಿಳಿಯುತ್ತದೆ.

3. ಮಳೆಯಲ್ಲಿ ಟಿ.ವಿ. ನಿಂತರೆ ಡಿಶ್ ತಿರುಗಿಸಲು ಮಾಳಿಗೆ ಹತ್ತಬೇಡಿರಿ. ಸಿಡಿಲಿನ ಅಪಾಯವಿದೆ. ಮಳೆ ತಗ್ಗಿದೊಡನೆ ಸಂಕೇತ ತಾನಾಗಿ ಮರಳುತ್ತದೆ.

4. ಒಂದೇ ಮಾಧ್ಯಮವನ್ನು ನೆಚ್ಚಬೇಡಿರಿ. ಮಧ್ಯಮ ತರಂಗದ ಆಕಾಶವಾಣಿಗೆ ಸಿಡಿಲಿನಿಂದ ಗೊರಗೊರ ಬಂದರೂ ಮಳೆಯಿಂದ ತಡೆಯಿಲ್ಲ. ಮೇಘದೂತ್ ಆ್ಯಪ್ ಮತ್ತು ರೈತ ಸಂಪರ್ಕ ಕೇಂದ್ರದ ಮಾಹಿತಿಯನ್ನೂ ಬಳಸಿರಿ. ಮುನ್ಸೂಚನೆ ನೋಡಲಾಗದ ದಿನ ‘ಮಳೆಯ ಸೂಚನೆ ಇಲ್ಲ’ ಎಂದು ಭಾವಿಸಿ ಸಿಂಪಡಣೆಗೆ ಇಳಿಯಬೇಡಿರಿ.

5. ವಿಮೆ ಮಾಡಿಸಿದವರು ಮೂರು ವಿಷಯಗಳನ್ನು ಲಿಖಿತವಾಗಿ ಕೇಳಿ ತಿಳಿಯಿರಿ: ನಮ್ಮ ಪಂಚಾಯಿತಿಗೆ ಗೊತ್ತುಪಡಿಸಿದ ಕೇಂದ್ರ ಯಾವುದು, ಅದು ಕೆಟ್ಟರೆ ಪರ್ಯಾಯ ಯಾವುದು, ಕಳೆದ ಹಂಗಾಮಿನಲ್ಲಿ ಎಷ್ಟು ದಿನದ ಅಂಕಿ ಬಂದಿಲ್ಲ.

6. ಸರಳ ಮಳೆಮಾಪಕವೊಂದನ್ನು ಇಟ್ಟು ಪ್ರತಿದಿನ ಬೆಳಗ್ಗೆ 8.30ಕ್ಕೆ ಅಳೆದು ಬರೆದಿಡಿರಿ. ವಿಮೆಯ ಲೆಕ್ಕಕ್ಕೆ ಇದು ನೇರ ಆಧಾರವಾಗದು. ಆದರೆ ಕೇಂದ್ರದ ಅಂಕಿಯನ್ನು ಪ್ರಶ್ನಿಸಬೇಕಾದಾಗ ಬಾಯಿಮಾತಿಗಿಂತ ಬರಹಕ್ಕೆ ಬೆಲೆ ಹೆಚ್ಚು.

7. ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು, ಭೂಕುಸಿತ, ಜಲಾವೃತದಂತಹ ಸ್ಥಳೀಯ ವಿಪತ್ತಿನ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಜಾಲ ಮರಳಲಿ ಎಂದು ಕಾಯದೆ ಬ್ಯಾಂಕು ಅಥವಾ ಕೃಷಿ ಕಚೇರಿಗೆ ತಾವೇ ಹೋಗಿ ತಿಳಿಸಿರಿ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ತಮ್ಮ ವರದಿಗಳಲ್ಲಿ ‘ಮಳೆ ಇಲ್ಲ’ ಮತ್ತು ‘ದತ್ತಾಂಶ ಬಂದಿಲ್ಲ’ ಎಂಬ ಎರಡನ್ನೂ ಬೇರೆ ಬೇರೆಯಾಗಿಯೇ ನಮೂದಿಸಿರಿ. ಸ್ಥಳೀಯ ಮಾಪಕವು ಸತತವಾಗಿ ಮೌನವಾಗಿದ್ದರೆ ದಿನಾಂಕ ಸಹಿತ ಮೇಲಿನವರ ಗಮನಕ್ಕೆ ತನ್ನಿರಿ. ಆ ಒಂದು ಸಾಲಿನ ಟಿಪ್ಪಣಿಯ ಮೇಲೆ ಒಂದು ಪಂಚಾಯಿತಿಯ ಬೆಳೆಗಾರರ ವರ್ಷದ ಪರಿಹಾರ ನಿಂತಿರಬಹುದು.